ವಿಜಯಪುರದ ನಮ್ಮ ಹಳೇ ವಸ್ತುಗಳ ಗ್ಯಾಲರಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಗ್ಯಾಲರಿ ಇದೆ. ಬಿದರಿ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿದ ಬೀದರಿನ ಕುಸುರಿ), ಪರ್ಷಿಯನ್ ಬರಹದ ಕಾಗದ, ಚೀನಾದ ಪಿಂಗಾಣಿ, ಕಂಚು-ಹಿತ್ತಾಳೆ, ಲಂಬಾಣಿ ಕಸೂತಿ, ಛತ್ತೀಸಗಡದ ಬಸ್ತರದ ಎರಕದ ಗೊಂಬೆ, ಇಂಥವುಗಳ ವ್ಯಾಪಾರ. ಅಂಗಡಿಯಲ್ಲಿ, ಫೋನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಜನ ಕೇಳಿದ್ದನ್ನೇ ಕೇಳುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆ ಬರೆದುಕೊಂಡು ಉತ್ತರ ಕೊಟ್ಟಿದ್ದೇನೆ.

## ಬಾಗಿಲಲ್ಲೇ ನಿಂತು ಕೇಳುವವು

ಇದು ಗುಜರಿ ಅಂಗಡಿ ಏನ್ರೀ, ಮ್ಯೂಸಿಯಂ ಏನ್ರೀ?

ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಮ್ಯೂಸಿಯಂನವರು ಮಾರುವುದಿಲ್ಲ. ನಾವು ನಡುವಿನವರು. ವಸ್ತು ನೋಡಿ ಕೊಳ್ಳುತ್ತೇವೆ, ಅದು ಏನು, ಯಾವ ಕಾಲದ್ದು, ಯಾರ ಮನೆಯದು ಅಂತ ತಿಳಿದುಕೊಂಡು ಮಾರುತ್ತೇವೆ. ಗುಜರಿಯವರ ಜೊತೆ ನಮ್ಮ ನಂಟು ಗಟ್ಟಿ. ಕರಗಿಸೋಕೆ ಹೊರಟ ಗಾಡಿಯಿಂದ ಎಷ್ಟೋ ಒಳ್ಳೆ ಸಾಮಾನು ಇಳಿಸಿಕೊಂಡಿದ್ದೇವೆ.

ಸುಮ್ನೆ ನೋಡ್ಕೊಂಡು ಹೋಗ್ಬಹುದಾ?

ಧಾರಾಳವಾಗಿ. ಮುಟ್ಟುವ ಮುಂಚೆ ಒಂದು ಮಾತು ಕೇಳಿ, ಅಷ್ಟೇ. ಕಣ್ಣು ಪಳಗಬೇಕು ಅಂದ್ರೆ ನಮ್ಮಲ್ಲಿಗೆ ಬರುವ ಮೊದಲು ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂಗೆ ಹೋಗಿ ಬನ್ನಿ. ರತ್ನಗಂಬಳಿ, ಪಿಂಗಾಣಿ, ಕೈಬರಹದ ಪುಸ್ತಕ, ಆಯುಧ ಎಲ್ಲಾ ಅಲ್ಲಿವೆ. ಶುಕ್ರವಾರ ರಜೆ. ಊರಿನವರೇ ಎಷ್ಟೋ ಮಂದಿ ಗುಮ್ಮಟ ಹತ್ತಿ ಕೂಗಿ ಬರುತ್ತಾರೆ, ಈ ಕಟ್ಟಡದೊಳಗೆ ಕಾಲಿಡುವುದಿಲ್ಲ.

ನಮ್ಮನ್ಯಾಗ ನೂರು ವರ್ಷದ ಹಂಡೆ ಐತಿ. ಎಷ್ಟ್ ಬರ್ತದ?

ಬೇಜಾರು ಮಾಡ್ಕೋಬೇಡಿ, ಜಾಸ್ತಿ ಏನೂ ಬರುವುದಿಲ್ಲ. ಹಂಡೆ, ಕೊಪ್ಪರಿಗೆ ಒಂದು ಕಾಲಕ್ಕೆ ಪ್ರತಿ ಮನೆಯಲ್ಲೂ ಇದ್ದವು. ತಾಮ್ರದ ತೂಕದ ಮೇಲೆ ಸ್ವಲ್ಪ ಸಿಕ್ಕರೆ ಅದೇ ದೊಡ್ಡದು. ಮತ್ತೆ, "ನೂರು ವರ್ಷ" ಎನ್ನುವುದನ್ನು ನಾವು ಹಾಗೇ ನಂಬುವುದಿಲ್ಲ. ಹಳೇ ಹಂಡೆಯನ್ನು ತಗಡು ಬಡಿದು, ಅಂಚನ್ನು ಹಲ್ಲಿನ ಹಾಗೆ ಕತ್ತರಿಸಿ, ಒಂದರೊಳಗೊಂದು ಕೂಡಿಸಿ ಬೆಸೆದಿರುತ್ತಾರೆ. ಒಳಗೆ ಕೈ ಹಾಕಿದರೆ ಆ ಹಲ್ಲಿನ ಗೆರೆ ಬೆರಳಿಗೆ ಸಿಗುತ್ತದೆ. ಮಷಿನ್ನಿನಲ್ಲಿ ತಿರುಗಿಸಿ ಮಾಡಿದ್ದಕ್ಕೆ ಆ ಗೆರೆ ಇರುವುದಿಲ್ಲ.

ಬೆಲೆ ಬರುವುದು ಸಣ್ಣ ಸಾಮಾನಿಗೆ. ಕುದುರೆ ಮುಖದ ಅಡಕತ್ತರಿ, ನವಿಲು ಕೂತ ಸುಣ್ಣದ ಡಬ್ಬಿ, ಸರಪಳಿ ಸಮೇತ ಇರುವ ತೂಗುದೀಪ. ಇವು ಅಟ್ಟದ ಮೇಲೆ ಬಿದ್ದಿರುತ್ತವೆ. ಜನ ಹಂಡೆ ಹೊತ್ತು ತರುತ್ತಾರೆ, ಇವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

ತರೋಕಿಂತ ಮೊದಲು ಹುಣಸೆಹಣ್ಣು ಹಚ್ಚಿ ಬೆಳಗಿ ತರ್ಲಾ?

ದಯವಿಟ್ಟು ಬೇಡ! ಧೂಳು ಒರೆಸಿದರೆ ಸಾಕು. ಕಂಚಿನ ಮೇಲೆ ವರ್ಷಗಟ್ಟಲೆ ಕೂತ ಕಂದು ಬಣ್ಣವನ್ನು ಹುಣಸೆಹಣ್ಣು ಐದೇ ನಿಮಿಷದಲ್ಲಿ ತೊಳೆದು ಹಾಕುತ್ತದೆ. ಅದರ ಜೊತೆ ಅರ್ಧ ಬೆಲೆಯೂ ಹೋಯಿತು ಅಂತಲೇ ತಿಳಿಯಿರಿ. ಬಿದರಿಗಂತೂ ಹುಳಿ, ಪಾಲಿಶ್ ಪುಡಿ ಎರಡೂ ವಿಷ. ಅದರ ಕಪ್ಪು ಮೇಲ್ಪದರ ಮಾತ್ರ. ಉಜ್ಜಿದರೆ ಕೆಳಗಿನ ಬೂದು ಸತು ಕಾಣುತ್ತದೆ. ಮನೆಯಲ್ಲಿ ಬಿದರಿ ಇದ್ದರೆ ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಇಡಿ.

ಫೋಟೋ ವಾಟ್ಸಾಪ್ ಮಾಡಿದ್ರೆ ರೇಟ್ ಹೇಳ್ತೀರಾ?

ಫೋಟೋ ನೋಡಿ "ತನ್ನಿ" ಅಥವಾ "ಬೇಡ" ಅಂತ ಹೇಳಬಹುದು. ಬೆಲೆ ಮಾತ್ರ ಕೈಯಲ್ಲಿ ಹಿಡಿದ ಮೇಲೇ. ಕಳಿಸುವುದಾದರೆ ತಳದ್ದು, ಬಾಯಿಯ ಒಳಗಿನದು, ಒಡೆದ ಜಾಗದ್ದು ಕಳಿಸಿ. ಎಲ್ಲರೂ ಚೆಂದ ಕಾಣುವ ಕಡೆಯಿಂದಲೇ ತೆಗೆಯುತ್ತಾರೆ. ನಮಗೆ ಬೇಕಾದ್ದು ತಳ.

## ಮನೆಯಲ್ಲಿದ್ದದ್ದನ್ನು ಮಾರುವವರು

ಹೊಲ ಉಳುವಾಗ ಕಲ್ಲಿನ ಮೂರ್ತಿ ಸಿಕ್ಕೈತಿ. ತಗೋತೀರೇನ್ರೀ?

ಇಲ್ಲ. ಎಷ್ಟೇ ಚೆಂದ ಇರಲಿ, ಎಷ್ಟೇ ಕಡಿಮೆಗೆ ಕೊಡಲಿ, ಇಲ್ಲ. ನೆಲದೊಳಗೆ ಸಿಕ್ಕಿದ ಬೆಲೆಬಾಳುವ ವಸ್ತುವಿಗೆ ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ, 1962 ಅಂತ ಇದೆ. ಸಿಕ್ಕವರು ಸರ್ಕಾರಕ್ಕೆ ತಿಳಿಸಲೇಬೇಕು. ತಹಶೀಲ್ದಾರ್ ಅಥವಾ ಡಿಸಿ ಕಚೇರಿಗೆ ಹೋಗಿ, ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಪಕ್ಕದಲ್ಲೇ ಇರುವ ನಾಡು ಇದು. ನೇಗಿಲಿಗೆ ಕಲ್ಲು ತಾಗುವುದು ಹೊಸದೇನಲ್ಲ. ಪಾಳು ಗುಡಿಯ ಮೂರ್ತಿ, ಊರ ಮುಂದಿನ ವೀರಗಲ್ಲು ಇವನ್ನೂ ನಾವು ಮುಟ್ಟುವುದಿಲ್ಲ. ಅವು ಯಾರೊಬ್ಬರ ಸೊತ್ತೂ ಅಲ್ವಲ್ಲ, ಮಾರುವವರು ಯಾರು?

ನಮ್ಮವ್ವನ ಲಂಬಾಣಿ ಬಟ್ಟಿ, ಬೆಳ್ಳಿ ಸಾಮಾನು ಅದಾವ್ರೀ. ಬೆಳ್ಳಿ ಅಂಗಡಿಗೆ ಕೊಡೂದೋ, ನಿಮಗ ಕೊಡೂದೋ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಬೆಳ್ಳಿ ಅಂಗಡಿಯವರು ತೂಗಿ, ಕಲಬೆರಕೆ ಅಂತ ಇಷ್ಟು ಕಳೆದು, ಕರಗಿಸುತ್ತಾರೆ. ಅವರದು ಆ ಧಂದೆ, ತಪ್ಪೇನಿಲ್ಲ. ಆದರೆ ಘುಗರಿ, ಟೋಪ್ಲಿ ಒಮ್ಮೆ ಕರಗಿದರೆ ಮುಗೀತು. ಮದುವೆಯಾದ ಹೆಂಗಸು ಕೂದಲಿಗೆ ಕಟ್ಟಿ ಕೆನ್ನೆಯ ಪಕ್ಕ ಇಳಿಬಿಡುವ ಸಾಮಾನು ಅದು. ಗಂಡ ತೀರಿಕೊಂಡರೆ ತೆಗೆಯುತ್ತಾರೆ.

ಒಮ್ಮೆ ತಾಂಡಾದಿಂದ ಒಬ್ಬ ಅಕ್ಕ ತಾಯಿಯ ಕಾಂಚಳಿ, ಅಂದ್ರೆ ಕನ್ನಡಿ ಹೊಲಿದ ರವಿಕೆ, ತಂದಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಮಡಿಕೆ. ಬಿಚ್ಚಿದರೆ ಹೊಗೆ, ಎಣ್ಣೆ, ಬೇವಿನೆಲೆಯ ವಾಸನೆ. ಕನ್ನಡಿ ಬಿಲ್ಲೆ ಅಂಚಿಗೆ ಕೈಯಲ್ಲೇ ಕತ್ತರಿಸಿದ ಓರೆಕೋರೆ ಇತ್ತು. ಕವಡೆ ಉದುರಿದ ಕಡೆ ಶರ್ಟಿನ ಬಿಳಿ ಗುಂಡಿ ಹೊಲಿದಿದ್ದರು. "ಗುಂಡಿ ತೆಗೆದು ಕವಡೆ ಹಚ್ಚಿ ತರ್ಲೇನು?" ಅಂತ ಕೇಳಿದರು. ಬೇಡವೇ ಬೇಡ ಅಂದೆ. ಆ ಗುಂಡಿಯಿಂದಲೇ ಅದು ಉಟ್ಟು ಬಿಟ್ಟ ಬಟ್ಟೆ ಅಂತ ಗೊತ್ತಾಗುತ್ತದೆ. ಅಂಗಡಿಗಾಗಿ ಹೊಲಿದ ಹೊಸ ಕೆಲಸದಲ್ಲಿ ಕನ್ನಡಿ ಎಲ್ಲಾ ಒಂದೇ ಅಳತೆ, ಎಷ್ಟೋ ಸಲ ಪ್ಲಾಸ್ಟಿಕ್.

ನಮ್ಮ ಪದ್ಧತಿ ಹೀಗೆ: ಅವತ್ತಿನ ಬೆಳ್ಳಿ ದರದ ಚೀಟಿ ಮೊದಲು ತೋರಿಸುತ್ತೇವೆ, ಅದಕ್ಕಿಂತ ಮೇಲೇ ಮಾತು ಶುರು. ಒಂದು ವಾರ ಯೋಚನೆ ಮಾಡಿ ಬನ್ನಿ ಅಂತ ವಾಪಸ್ ಕಳಿಸಿದ್ದೂ ಇದೆ. ಅರ್ಧ ಮಂದಿ ಮತ್ತೆ ಬರುವುದಿಲ್ಲ. ಬರದಿದ್ದರೆ ಒಳ್ಳೇದೇ ಆಯಿತು.

"ಟ್ರೈಬಲ್" ಅಂತ ಬೋರ್ಡ್ ಹಾಕ್ತೀರಲ್ಲ, ಲಂಬಾಣಿಗಳು ಟ್ರೈಬಲ್ಲಾ?

ಸರಿಯಾಗೇ ಹಿಡಿದಿರಿ. ಅದು ನಮ್ಮ ವ್ಯಾಪಾರದವರ ಸೋಮಾರಿ ಮಾತು. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದಲ್ಲಿ. ಗಡಿ ದಾಟಿದರೆ ಪಟ್ಟಿಯೇ ಬದಲು. ಬೆಲೆ ಚೀಟಿಯ ಮೇಲೆ ಈಗ "ಲಂಬಾಣಿ", "ಸಿದ್ದಿ", "ಬಸ್ತರ" ಅಂತ ಹೆಸರು ಹಿಡಿದೇ ಬರೆಯುತ್ತೇವೆ. ಹೊರಗಿನ ಬೋರ್ಡು ಬದಲಿಸೋದು ಬಾಕಿ ಇದೆ.

ಅಜ್ಜಿಯ ದಂತದ ಬಳೆ ಇದೆ. ನೂರು ವರ್ಷ ದಾಟಿದೆ, ಮಾರಬಹುದಲ್ವಾ?

ಆಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ಕ್ಕೆ 1986ರಲ್ಲಿ ತಿದ್ದುಪಡಿ ಆಗಿ ಭಾರತದ ಆನೆದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತಕ್ಕೂ ಅದೇ ಗತಿ. ಹಳೇದು ಅನ್ನುವ ವಿನಾಯಿತಿ ಇಲ್ಲ. ಹುಲಿ ಚರ್ಮ, ಜಿಂಕೆ ಕೊಂಬಿಗೂ ಅಷ್ಟೇ. ಮನೆಯಲ್ಲಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಅಂದಹಾಗೆ, ದಂತ ಅಂದುಕೊಂಡದ್ದು ಎಷ್ಟೋ ಸಲ ದಂತವೇ ಆಗಿರುವುದಿಲ್ಲ. ಅಡ್ಡ ಕತ್ತರಿಸಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ದಂತದಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸುತ್ತಾ ಬಲೆಯ ಹಾಗೆ ಕಾಣುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ ಇರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇರುವುದಿಲ್ಲ.

## ಕಾನೂನಿನ ಸಂಗತಿ

ಪುರಾತನ ವಸ್ತು ಮಾರೋದೇ ಅಪರಾಧ ಅಂತಾರಲ್ಲ?

ಹಾಗಿಲ್ಲ, ಪರವಾನಗಿ ಇಲ್ಲದೆ ಮಾರೋದು ಅಪರಾಧ. ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆ 1972ರಲ್ಲಿ ಬಂತು, 1976ರ ಏಪ್ರಿಲ್ 5ರಿಂದ ಜಾರಿಗೆ ಬಂತು. ಅದರ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ನಾಣ್ಯ, ಶಿಲ್ಪ, ಚಿತ್ರ, ಕುಸುರಿ ಕೆಲಸ ಪುರಾವಸ್ತು. ಚರಿತ್ರೆ, ಸಾಹಿತ್ಯ, ವಿಜ್ಞಾನದ ದೃಷ್ಟಿಯಿಂದ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ನಮ್ಮ ಕಡೆಯವರು ಧಾರವಾಡ ವೃತ್ತದ ಕಚೇರಿಯಲ್ಲಿ ವಿಚಾರಿಸಬಹುದು. ಪರವಾನಗಿ ಇದ್ದವರು ಲೆಕ್ಕದ ಪುಸ್ತಕ, ಫೋಟೋ ಎಲ್ಲಾ ಇಟ್ಟುಕೊಂಡಿರಬೇಕು, ಅಧಿಕಾರಿ ಬಂದು ಕೇಳಿದರೆ ತೋರಿಸಬೇಕು.

ಮನೆಯಲ್ಲಿರೋ ಹಳೇದನ್ನೆಲ್ಲಾ ರಿಜಿಸ್ಟರ್ ಮಾಡಿಸಬೇಕಾ?

ಎಲ್ಲವನ್ನೂ ಅಲ್ಲ. ಕಲ್ಲು, ಲೋಹ, ಮಣ್ಣು, ದಂತ, ಮೂಳೆಯ ಶಿಲ್ಪ, ಮರದ ಶಿಲ್ಪ, ಹಳೇ ಚಿತ್ರ, ಚಿತ್ರ ಬಿಡಿಸಿದ ಹಸ್ತಪ್ರತಿ, ಇವಕ್ಕೆ ನೋಂದಣಿ ಕಡ್ಡಾಯ. ನಾಣ್ಯಕ್ಕೆ ಬೇಡ. ದೇವರ ಮನೆಯ ನೂರು ವರ್ಷ ದಾಟಿದ ಕಂಚಿನ ವೀರಭದ್ರ ಮೂರ್ತಿಗೆ ಬೇಕು ಅಂದ್ರೆ ಜನಕ್ಕೆ ಆಶ್ಚರ್ಯ ಆಗುತ್ತದೆ. ನೋಂದಾಯಿಸಿದ್ದನ್ನು ಬೇರೆಯವರಿಗೆ ಕೊಟ್ಟರೆ ಅದನ್ನೂ ಕಚೇರಿಗೆ ತಿಳಿಸಬೇಕು.

ಮಗಳು ಅಮೆರಿಕದಾಗ ಅದಾಳ. ಆಕಿಗೆ ಒಂದು ಬಿದರಿ ಹುಕ್ಕಾ ತಳ ಕಳಿಸಬಹುದೇನ್ರೀ?

ಹುಕ್ಕಾ ತಳ, ಅಂದ್ರೆ ಹುಕ್ಕಾದ ನೀರು ತುಂಬುವ ಭಾಗ, ನೂರು ವರ್ಷ ದಾಟಿದ್ದರೆ ಇಲ್ಲ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಪುರಾವಸ್ತುವನ್ನು ದೇಶದಾಚೆ ಕಳಿಸುವಂತಿಲ್ಲ. ಸಿಕ್ಕಿಬಿದ್ದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಮೇಲೆ ದಂಡ. "ಇದು ಚೀನಾದಲ್ಲಿ ಮಾಡಿದ್ದು, ನಮ್ಮ ದೇಶದ್ದಲ್ಲ" ಅಂತ ಕೆಲವರು ವಾದ ಹೂಡುತ್ತಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಭಾರತದಲ್ಲೇ ಮಾಡಿದ್ದಿರಬೇಕು ಅಂತ ಎಲ್ಲೂ ಇಲ್ಲ.

ಮಗಳಿಗೆ ಇವತ್ತಿನ ಬೀದರಿನ ಕಸುಬುದಾರರು ಮಾಡಿದ್ದನ್ನು ಕಳಿಸಿ. ನೋಡೋಕೆ ಹಳೇದರ ಹಾಗಿದ್ದರೆ ಕಸ್ಟಮ್ಸಿನವರು ತಡೆಯಬಹುದು. "ಇದು ಪುರಾವಸ್ತುವಲ್ಲ" ಅನ್ನುವ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದಲೇ ಮಾಡಿಸಿಕೊಳ್ಳಿ.

## ಕೊಳ್ಳುವವರು, ಕೂಡಿಡುವವರು

ಬಿದರಿ ಹಳೇದೋ ಹೊಸದೋ ಹೇಗೆ ಗೊತ್ತಾಗುತ್ತೆ?

ಇಂಡಿ ಕಡೆಯ ಒಬ್ಬರು ಗೋಣಿಚೀಲದಲ್ಲಿ ಒಂದು ಕಪ್ಪು ಗುಂಡಗಿನ ಪಾತ್ರೆ ತಂದಿದ್ದರು. ಮನೆಯ ಮಕ್ಕಳು ಅದನ್ನು ದುಡ್ಡಿನ ಹುಂಡಿ ಮಾಡಿಕೊಂಡಿದ್ದರಂತೆ. ಬೋರಲು ಹಾಕಿದೆ. ಅಂಚು ಅಲೆಅಲೆಯಾಗಿರುವ ಹಳೇ ಹತ್ತು ಪೈಸೆಯ ಬಿಲ್ಲೆ ಟಣ್ ಅಂತ ಬಿತ್ತು. ಅದು ಹುಕ್ಕಾದ ತಳ. ನೀರು ತುಂಬುವ ಭಾಗ.

ಆಕಾರ ಮೊದಲು ನೋಡಿ. 17ನೇ ಶತಮಾನದ ಹುಕ್ಕಾ ತಳ ತೆಂಗಿನಕಾಯಿಯ ಹಾಗೆ ಗುಂಡಗೆ, ನಿಲ್ಲಿಸೋಕೆ ಕೆಳಗೆ ಸಿಂಬಿ ಬೇಕು. 18ನೇ ಶತಮಾನದಲ್ಲಿ ಗಂಟೆಯ ಆಕಾರ ಬಂತು, ತಾನೇ ನಿಲ್ಲುತ್ತದೆ. ಆಮೇಲೆ ತೂಕ. ಬಿದರಿ ಅಂದ್ರೆ ಬಹುಪಾಲು ಸತು, ಸ್ವಲ್ಪ ತಾಮ್ರ. ಕೈಗೆ ಭಾರ ಗೊತ್ತಾಗುತ್ತದೆ. ಅಲ್ಯೂಮಿನಿಯಂಗೆ ಕಪ್ಪು ಬಣ್ಣ ಬಳಿದದ್ದು ಹಗುರ. ಹತ್ತಿಗೆ ಟರ್ಪೆಂಟೈನ್ ಹಚ್ಚಿ ಅದರ ತಳಕ್ಕೆ ಉಜ್ಜಿದರೆ ಬಣ್ಣ ಹತ್ತಿಗೆ ಬರುತ್ತದೆ. ನಿಜವಾದ ಬಿದರಿಯ ಕಪ್ಪು ಬಳಿದ ಬಣ್ಣವೇ ಅಲ್ಲ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಒಂದು ಬಗೆಯ ಉಪ್ಪು) ಬೆರೆಸಿ ಹಚ್ಚಿದಾಗ ಲೋಹ ತಾನೇ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಕೊನೆಗೆ ಸವೆತ ನೋಡಿ. ಕೈ ತಾಗುವ ಕಡೆ ಜಾಸ್ತಿ, ತಾಗದ ಕಡೆ ಕಡಿಮೆ ಇರಬೇಕು. ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಕೂತು ಸವೆಸಿದ್ದಾರೆ.

ಹೇರ್‌ಪಿನ್ ಥರ ಇರೋ ಬೆಳ್ಳಿ ತಂತಿಯನ್ನ ನಾಣ್ಯ ಅಂತಾರಲ್ಲ, ತಮಾಷೇನಾ?

ತಮಾಷೆಯಲ್ಲ, ಅದರ ಹೆಸರು ಲಾರಿ. ಓಡಾಡೋ ಲಾರಿ ಅಲ್ಲ! ಪರ್ಷಿಯಾದ ಲಾರ್ ಊರಿನಿಂದ ಬಂದ ಹೆಸರು. ಗಲ್ಫಿನ ಕಡಲ ವ್ಯಾಪಾರದಲ್ಲಿ ಓಡುತ್ತಿದ್ದ ನಾಣ್ಯ. ನಮ್ಮೂರನ್ನು ಆಳಿದ ಇಮ್ಮಡಿ ಅಲಿ ಆದಿಲ್ ಶಾಹನ (1656–1672) ಕಾಲದಲ್ಲಿ ಬಿಜಾಪುರದ ಹೆಸರಿನಲ್ಲೂ ಟಂಕಿಸಿದರು. ಬೆಳ್ಳಿ ತಂತಿಯನ್ನು ಮಡಚಿ, ಮೇಲೆ ಅಚ್ಚು ಒತ್ತಿದ್ದು. ಅಚ್ಚು ತಂತಿಗಿಂತ ಅಗಲ ಇರುತ್ತಿತ್ತು. ಹಾಗಾಗಿ ಯಾವ ಲಾರಿಯ ಮೇಲೂ ಪೂರ್ತಿ ಬರಹ ಸಿಗುವುದಿಲ್ಲ. ಪೂರ್ತಿ ಬರಹ ನೀಟಾಗಿ ಕೂತಿದ್ದರೆ ಅನುಮಾನ ಪಡಿ. ಮೇಲ್ಮೈಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ ಎರಕ ಹೊಯ್ದ ನಕಲಿ.

ಕಾಗದದ ಮೇಲೆ ಇಸವಿ 1060 ಅಂತ ಇದೆ. ಸಾವಿರ ವರ್ಷದ್ದಾ?

ಇಲ್ಲ ಇಲ್ಲ. ಅದು ಕ್ರಿಸ್ತಶಕ ಅಲ್ಲ. ಹಿಜರಿ, ಅಂದ್ರೆ ಚಂದ್ರನ ಲೆಕ್ಕದ ಇಸ್ಲಾಮಿ ಇಸವಿ, ಆಗಿದ್ದರೆ ಆ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿ. 1060ಕ್ಕೆ 1650 ಬರುತ್ತದೆ.

ಆದರೆ ನಮ್ಮ ದಖ್ಖನಿನಲ್ಲಿ ಇನ್ನೊಂದು ತೊಡಕು ಇದೆ. ಆದಿಲ್ ಶಾಹಿ ಕಾಗದಗಳಲ್ಲಿ, ಆಮೇಲೆ ಮರಾಠರ ಮೋಡಿ ಲಿಪಿಯ ಕಾಗದಗಳಲ್ಲಿ ಶುಹೂರ್ ಸನ್ ಅನ್ನುವ ಲೆಕ್ಕ ನಡೆಯುತ್ತಿತ್ತು. ಇದು ಸೂರ್ಯನ ಲೆಕ್ಕ. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದಾಗ, ಅಂದ್ರೆ ನಮ್ಮ ರೈತರು "ಮಿರಗ ಕೂಡ್ತು" ಅನ್ನುವ ಹೊತ್ತಿಗೆ ಹೊಸ ವರ್ಷ. ಕಂದಾಯದ ಲೆಕ್ಕ ಮಳೆಯ ಜೊತೆ ಹೋಗಬೇಕಲ್ಲ, ಅದಕ್ಕೆ. ಶುಹೂರ್ ಸನ್ನಿಗೆ 599 ಅಥವಾ 600 ಕೂಡಿಸಬೇಕು. ಆಗ 1060 ಅಂದ್ರೆ 1659-60. ಹಿಜರಿ ಅಂತ ಓದಿದರೆ ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನ ಕಾಲ, ಶುಹೂರ್ ಅಂತ ಓದಿದರೆ ಅವನ ಮಗನ ಕಾಲ. ಶುಹೂರ್ ಸನ್ನನ್ನು ಸಾಮಾನ್ಯವಾಗಿ ಅಂಕಿಯಲ್ಲಿ ಬರೆಯದೆ ಅರಬಿ ಪದಗಳಲ್ಲೇ ಬರೆಯುತ್ತಿದ್ದರು. ಅದೇ ದೊಡ್ಡ ಗುರುತು.

ವಸ್ತು ಚೆನ್ನಾಗಿದ್ರೆ ಸಾಕಲ್ವಾ? ಎಲ್ಲಿಂದ ಬಂತು ಅಂತ ಯಾಕೆ ಅಷ್ಟು ಕೇಳ್ತೀರಿ?

ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರ್ ಕೊಟ್ಟು ಚೋಳರ ಕಾಲದ ನಟರಾಜ ಕೊಂಡಿತು. ಮಾರಿದ್ದು ನ್ಯೂಯಾರ್ಕಿನಲ್ಲಿ ಏಷ್ಯಾದ ಕಲಾವಸ್ತು ಮಾರುತ್ತಿದ್ದ ಸುಭಾಷ್ ಕಪೂರ್. ವಸ್ತು ಅಪ್ಪಟ. ಜೊತೆಗೆ ಕಾಗದಗಳೂ ಇದ್ದವು. ಆ ಕಾಗದಗಳು ಸುಳ್ಳು. ಮೂರ್ತಿ ತಮಿಳುನಾಡಿನ ಶ್ರೀಪುರಂದನ್ ಊರಿನ ಗುಡಿಯಿಂದ ಕದ್ದದ್ದು. 2014ರಲ್ಲಿ ಅದು ಭಾರತಕ್ಕೆ ವಾಪಸ್ ಬಂತು. ಕಪೂರನಿಗೆ ಕುಂಭಕೋಣದ ಕೋರ್ಟು 2022ರಲ್ಲಿ ವಿಗ್ರಹ ಕಳವು ಪ್ರಕರಣವೊಂದರಲ್ಲಿ 10 ವರ್ಷ ಶಿಕ್ಷೆ ಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆಯೇ ಕಾಗದ ನಂಬಿ ಕೆಟ್ಟಿತು ಅಂದ್ಮೇಲೆ ನಾವು ಎಷ್ಟರವರು?

ಹಾಗಾಗಿ ನಮ್ಮಲ್ಲಿ ಮಾರಲು ಬಂದವರ ಗುರುತಿನ ಚೀಟಿ, ಸಹಿ, ವಸ್ತುವಿನ ಫೋಟೋ ತಗೊಳ್ಳುತ್ತೇವೆ. "ಯಾರ ಮನೆಯದು, ಎಷ್ಟು ದಿನದಿಂದ ಇತ್ತು" ಅಂತ ಅವರ ಕೈಯಲ್ಲೇ ನಾಲ್ಕು ಸಾಲು ಬರೆಸುತ್ತೇವೆ. ಕೆಲವರು ಇದಕ್ಕೇ ಸಿಟ್ಟಾಗಿ ಎದ್ದು ಹೋಗುತ್ತಾರೆ. ಹೋಗಲಿ. ಹಳೇ ಮದುವೆ ಫೋಟೋದ ಹಿನ್ನೆಲೆಯಲ್ಲಿ ಆ ದೀಪ ಕಂಡರೆ ನನಗೆ ಯಾವ ಸರ್ಟಿಫಿಕೇಟಿಗಿಂತ ಜಾಸ್ತಿ ಖುಷಿ.

## ಇದೇ ವ್ಯಾಪಾರ ಮಾಡಬೇಕು ಅನ್ನುವವರು

ಲಾಭ ಇದೆಯಾ? ಎಷ್ಟು ಬಂಡವಾಳ ಹಾಕಬೇಕು?

ಲಾಭ ಇದೆ, ಆದರೆ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಒಂದು ಪಿಂಗಾಣಿ ತಟ್ಟೆ ಆರು ವರ್ಷ ಕಪಾಟಿನಲ್ಲಿ ಕೂತಿತ್ತು. ಒಂದು ಅಡಕತ್ತರಿ ತಂದ ದಿನವೇ ಹೋಯಿತು. ಸಾಲ ಮಾಡಿ ಶುರು ಮಾಡಬೇಡಿ. ಬಡ್ಡಿ ಏರೋದು ನಿಲ್ಲುವುದಿಲ್ಲ, ಗಿರಾಕಿ ಬರೋದು ನಿಲ್ಲುತ್ತದೆ. ಮೊದಲು ಒಂದೇ ಜಾತಿಯ ವಸ್ತು ಹಿಡಿಯಿರಿ. ನಾಣ್ಯವೋ, ಬಟ್ಟೆಯೋ, ಹಿತ್ತಾಳೆಯೋ, ಒಂದು. ತೆರಿಗೆಯಲ್ಲಿ ಒಂದು ಅನುಕೂಲ ಇದೆ. ಬಳಸಿದ ವಸ್ತುವಿನ ವ್ಯಾಪಾರಕ್ಕೆ ಜಿಎಸ್‌ಟಿಯನ್ನು ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ಅಂತರದ ಮೇಲೆ ಮಾತ್ರ ಕಟ್ಟಬಹುದು, ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸವಲತ್ತು) ತಗೊಂಡಿರಬಾರದು. ಕೊಂಡ ಚೀಟಿ ಇಲ್ಲದಿದ್ದರೆ ಈ ಲೆಕ್ಕ ತೋರಿಸೋಕೆ ಆಗುವುದಿಲ್ಲ.

ನಮ್ಮೂರ ಬಿಸಿಲು, ಧೂಳಿನಲ್ಲಿ ಸಾಮಾನು ಹೇಗೆ ಕಾಪಾಡ್ತೀರಿ?

ಒಣ ಹವೆ ಲೋಹಕ್ಕೆ ಒಳ್ಳೇದು, ಮರಕ್ಕೆ ಕೆಟ್ಟದ್ದು. ಏಪ್ರಿಲ್‌ನಲ್ಲಿ ವಾಡೆಯ ಹಳೇ ಬಾಗಿಲು ರಾತ್ರಿ ಹೊತ್ತು ಟಕ್ ಅಂತ ಸದ್ದು ಮಾಡುತ್ತದೆ, ಬೆಳಿಗ್ಗೆ ನೋಡಿದರೆ ಹೊಸ ಬಿರುಕು. ಕಸೂತಿ ಬಟ್ಟೆಯನ್ನು ಮೂರು ತಿಂಗಳಿಗಿಂತ ಹೆಚ್ಚು ನೇತು ಹಾಕುವುದಿಲ್ಲ. ಕನ್ನಡಿಯ ಭಾರಕ್ಕೆ ಹಳೇ ನೂಲು ಹರಿಯುತ್ತದೆ. ಸುತ್ತಿ, ಬಿಳಿ ಹತ್ತಿ ಬಟ್ಟೆಯಲ್ಲಿ ಇಡುತ್ತೇವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೆದ್ದಲು ನೋಡುವುದು ಕಡ್ಡಾಯ.

ಇಷ್ಟೆಲ್ಲಾ ಹೇಳ್ತೀರಿ, ನೀವೇ ಯಾವಾಗಾದ್ರೂ ಮೋಸ ಹೋಗಿದ್ದೀರಾ?

ಹೋಗದೆ ಏನು. ಶುರುವಿನಲ್ಲಿ ದೊಡ್ಡ ಊರಿನ ಒಬ್ಬ ವ್ಯಾಪಾರಿಯಿಂದ ಹಿತ್ತಾಳೆಯ ಅಸ್ಟ್ರೋಲೇಬ್ ತಂದೆ. ನಕ್ಷತ್ರ ನೋಡಿ ಹೊತ್ತು ಅಳೆಯುವ ಯಂತ್ರ. "ಇಸ್ಫಹಾನಿನದು" ಅಂದಿದ್ದ. ಕೈಯಲ್ಲಿದ್ದ ದುಡ್ಡೆಲ್ಲಾ ಸುರಿದಿದ್ದೆ. ಪರ್ಷಿಯನ್ ಬಲ್ಲ ಹಿರಿಯ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಕನ್ನಡಕ ಏರಿಸಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. "ಇದು ಅಕ್ಷರ ಅಲ್ಲಪ್ಪಾ. ಅಕ್ಷರದ ಹಂಗ ಕಾಣೂ ಗೀಚು" ಅಂದರು. ನಕ್ಷತ್ರ ತೋರಿಸಬೇಕಾದ ಮೊನೆಗಳೂ ಚೆಂದಕ್ಕೆ ಎಡಕ್ಕೊಂದು ಬಲಕ್ಕೊಂದು ಸಮವಾಗಿ ಕೂತಿದ್ದವು. ಆಕಾಶದಲ್ಲಿ ನಕ್ಷತ್ರ ಹಾಗೆ ಜೋಡಿಸಿಟ್ಟಂತೆ ಇರುತ್ತವೆಯೇ?

ಅದು ಈಗಲೂ ಗಲ್ಲೆಯ ಹಿಂದಿನ ಗೋಡೆಯಲ್ಲಿದೆ. ಕೆಳಗೆ "ನಕಲಿ, ಮಾರಾಟಕ್ಕಿಲ್ಲ" ಅಂತ ಚೀಟಿ ಅಂಟಿಸಿದ್ದೇನೆ. ಒಳಗೆ ಬಂದವರು ಮೊದಲು ಬೆಲೆ ಕೇಳೋದು ಅದರದ್ದೇ.